ದಿನದ ಮಾತ್ರೆ, ದಿನದ ನೆನಪು

ನಾಪೋಕ್ಲಿನ ಸುತ್ತಲಿನ ಊರುಗಳಲ್ಲಿ ಕಕ್ಕಡ ತಿಂಗಳ ಹದಿನೆಂಟನೆಯ ದಿನವನ್ನು ಮರೆಯುವ ಮನೆ ಅಪರೂಪ. ಅದು ಆಗಸ್ಟ್ ತಿಂಗಳ ಮೊದಲ ವಾರ. ಹೊರಗೆ ಎಡೆಬಿಡದ ಮಳೆ, ಗದ್ದೆಯಲ್ಲಿ ನಾಟಿಯ ಕೆಲಸ. ಅಂದು ಮದ್ದುಸೊಪ್ಪನ್ನು ಕೊಯ್ದು ತಂದು, ಕುದಿಸಿ, ಅದರ ಕಡುನೇರಳೆ ರಸದಲ್ಲಿ ಪಾಯಸವನ್ನೋ ಹಿಟ್ಟನ್ನೋ ಮಾಡಿ ಮನೆಮಂದಿಯೆಲ್ಲ ಒಟ್ಟಾಗಿ ಕುಳಿತು ಉಣ್ಣುತ್ತಾರೆ. ಆ ಒಂದು ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದಿನ ಗುಣಗಳು ನೆಲೆಸಿರುತ್ತವೆ ಎಂಬುದು ಹಿರಿಯರ ನಂಬಿಕೆ. ಕೊಡವರಿಂದ ಬಂದ ಈ ಪದ್ಧತಿ ಈಗ ಕೊಡಗಿನಲ್ಲಿ ನೆಲೆನಿಂತ ಇತರ ಸಮುದಾಯಗಳ ಮನೆಗಳಿಗೂ ಹಬ್ಬಿದೆ. ವರ್ಷಕ್ಕೊಮ್ಮೆ ಬರುವ ಈ ಮದ್ದನ್ನು ಯಾರೂ ಯಾರಿಗೂ ನೆನಪಿಸಬೇಕಾಗಿಲ್ಲ.

ಅದೇ ಮನೆಯ ಗೋಡೆಯ ಮಾಡದಲ್ಲೋ, ಅಡುಗೆಮನೆಯ ಡಬ್ಬಿಯಲ್ಲೋ ಇನ್ನೊಂದು ಮದ್ದು ಇರುತ್ತದೆ. ಕಡಲೆಬೇಳೆಗಿಂತ ದೊಡ್ಡದಲ್ಲದ, ರುಚಿಯಿಲ್ಲದ, ಬಿಳಿಯ ಬಣ್ಣದ ಒಂದು ಮಾತ್ರೆ. ರಕ್ತದೊತ್ತಡಕ್ಕಾಗಿ ವೈದ್ಯರು ಬರೆದುಕೊಟ್ಟದ್ದು. ಅದನ್ನು ದಿನವೂ ಸೇವಿಸಬೇಕು. ಹಾಳೆಯನ್ನು ತಿರುವಿ ನೋಡಿದರೆ ಹತ್ತು ಮಾತ್ರೆಗಳಲ್ಲಿ ನಾಲ್ಕು ಉಳಿದಿರುತ್ತವೆ. ದಿನಗಳು ಮಾತ್ರ ಹತ್ತು ಕಳೆದಿರುತ್ತವೆ. ಕೇಳಿದರೆ ಬರುವ ಉತ್ತರ ಒಂದೇ: "ಮರೆತುಹೋಯಿತು."

ಈ 'ಮರೆತುಹೋಯಿತು' ಎಂಬ ಮಾತನ್ನು ನಾವು ಎಷ್ಟು ಹಗುರವಾಗಿ ಆಡುತ್ತೇವೆ! ಮರೆವು ಮನುಷ್ಯಸಹಜ, ಅದರಲ್ಲಿ ತಪ್ಪೇನು ಎಂದು ನಮ್ಮನ್ನು ನಾವೇ ಸಮಾಧಾನಪಡಿಸಿಕೊಳ್ಳುತ್ತೇವೆ. ಆದರೆ ದೇವರು ಕೊಟ್ಟ ಜೀವವನ್ನು ಕಾಯುವ ವಿಷಯದಲ್ಲಿ ಮರೆವು ಎಂದಿಗೂ ತಪ್ಪಾಗುವುದಿಲ್ಲವೇ? ತಪ್ಪಾಗುವುದಾದರೆ ಯಾವಾಗ? ನೆನಪಿಡುವ ಹೊಣೆ ಯಾರದು? ಈ ಪ್ರಶ್ನೆಗಳನ್ನು ಈ ತಿಂಗಳು ನಿಮ್ಮ ಮುಂದಿಡಬೇಕೆನಿಸಿದೆ.

ನೋವಿಲ್ಲದ ರೋಗ

ಮೊದಲು ರೋಗದ ಸ್ವಭಾವವನ್ನು ತಿಳಿಯೋಣ. ಹಲ್ಲುನೋವಿನ ಮಾತ್ರೆಯನ್ನು ಯಾರೂ ಮರೆಯುವುದಿಲ್ಲ, ನೋವೇ ನೆನಪಿಸುತ್ತದೆ. ರಕ್ತದೊತ್ತಡಕ್ಕೆ ಆ ಕರುಣೆಯಿಲ್ಲ. ಅಳತೆ 140ಕ್ಕೆ 90ನ್ನು ಮೀರಿ ವರ್ಷಗಟ್ಟಲೆ ನಿಂತರೂ ಬಹುಮಂದಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ತೋಟದ ಕೆಲಸ ನಡೆಯುತ್ತದೆ, ಊಟ ರುಚಿಸುತ್ತದೆ, ನಿದ್ರೆ ಬರುತ್ತದೆ. ಒಳಗೆ ಮಾತ್ರ ರಕ್ತನಾಳಗಳ ಗೋಡೆ ಬಿರುಸಾಗುತ್ತ, ಹೃದಯದ ಸ್ನಾಯು ದಪ್ಪವಾಗುತ್ತ, ಮೂತ್ರಪಿಂಡಗಳು ಸವೆಯುತ್ತ ಹೋಗುತ್ತವೆ. ಮೊದಲ ಸೂಚನೆಯೇ ಪಾರ್ಶ್ವವಾಯುವಾಗಿ ಬರುವುದುಂಟು.

ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ 30ರಿಂದ 79 ವರ್ಷದೊಳಗಿನ ಸುಮಾರು 130 ಕೋಟಿ ಜನರಿಗೆ ಅಧಿಕ ರಕ್ತದೊತ್ತಡವಿದೆ. ಅವರಲ್ಲಿ ಅದನ್ನು ಹತೋಟಿಯಲ್ಲಿಟ್ಟುಕೊಂಡವರು ಐವರಲ್ಲಿ ಒಬ್ಬರು ಮಾತ್ರ. ದೀರ್ಘಕಾಲದ ರೋಗಗಳಿಗೆ ಕೊಟ್ಟ ಔಷಧವನ್ನು ಹೇಳಿದಂತೆ ಸೇವಿಸುವವರು ಶ್ರೀಮಂತ ದೇಶಗಳಲ್ಲಿಯೂ ಸರಾಸರಿ ಅರ್ಧದಷ್ಟು ಮಾತ್ರ ಎಂದು ಇದೇ ಸಂಸ್ಥೆ 2003ರಲ್ಲಿಯೇ ಹೇಳಿತ್ತು. ಆದುದರಿಂದ ಇದು ಓದುಬರಹ ಬಾರದವರ ದೋಷವೆಂದೋ ಹಳ್ಳಿಗರ ಅಲಕ್ಷ್ಯವೆಂದೋ ತಿಳಿಯಬೇಕಾಗಿಲ್ಲ. ಇದು ಎಲ್ಲ ಮನುಷ್ಯರ ದೌರ್ಬಲ್ಯ.

ಒಂದು ಕಾಲದಲ್ಲಿ ಈ ಮಾತ್ರೆಯೇ ಇರಲಿಲ್ಲ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಅವರ ರಕ್ತದೊತ್ತಡ 300ಕ್ಕೆ 190 ಇತ್ತು. ಜಗತ್ತಿನ ಅತ್ಯಂತ ಬಲಿಷ್ಠ ರಾಷ್ಟ್ರದ ಮುಖ್ಯಸ್ಥನಿಗೆ ಕೊಡಲು ಅಂದಿನ ವೈದ್ಯರ ಬಳಿ ತಕ್ಕ ಔಷಧವಿರಲಿಲ್ಲ. ನಾಲ್ಕು ವರ್ಷಗಳ ನಂತರ, 1949ರಲ್ಲಿ, ಮುಂಬಯಿಯ ಹೃದಯತಜ್ಞ ಡಾ. ರುಸ್ತುಂ ಜಾಲ್ ವಕೀಲರು ನಮ್ಮ ನಾಡಿನ ಸರ್ಪಗಂಧದ ಬೇರು ರಕ್ತದೊತ್ತಡವನ್ನು ತಗ್ಗಿಸುತ್ತದೆಂಬುದನ್ನು ಬ್ರಿಟನ್ನಿನ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿ ಲೋಕದ ಗಮನ ಸೆಳೆದರು. ಸರ್ಪಗಂಧ ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಗಿಡ. ಅಲ್ಲಿಂದ ಮುಂದೆ ಒಂದೊಂದಾಗಿ ಉತ್ತಮ ಔಷಧಗಳು ಬಂದವು. ಇಂದು ಅಮ್ಲೋಡಿಪಿನ್, ಟೆಲ್ಮಿಸಾರ್ಟಾನ್‌ನಂಥ ಮಾತ್ರೆಗಳು ಜನೌಷಧಿ ಮಳಿಗೆಗಳಲ್ಲಿ ಅಗ್ಗದ ಬೆಲೆಗೆ ಸಿಗುತ್ತವೆ. ರೂಸ್‌ವೆಲ್ಟರಿಗೆ ದೊರೆಯದ ಔಷಧ ಇಂದು ತೋಟದ ಲೈನುಮನೆಯಲ್ಲಿ ವಾಸಿಸುವ ಕೂಲಿಕಾರನ ಕೈಗೆ ಎಟಕುತ್ತದೆ. ಕೈಗೆ ಎಟಕಿದ್ದನ್ನು ಬಾಯಿಗೆ ಹಾಕಿಕೊಳ್ಳುವುದಷ್ಟೇ ಉಳಿದಿರುವ ಕೆಲಸ.

ಮೂರು ಬಗೆಯ ಮರೆವು

ಈಗ ನಮ್ಮ ಪ್ರಶ್ನೆಗೆ ಬರೋಣ. ಮರೆವು ತಪ್ಪೇ? ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ವಿಶ್ಲೇಷಿಸುವಾಗ ಅದರ ಅಂಗಗಳಲ್ಲಿ ಮೊದಲನೆಯದಾಗಿ ಸ್ಮರಣೆಯನ್ನು ಹೆಸರಿಸುತ್ತಾರೆ. ಇದು ಯೋಚಿಸತಕ್ಕ ಸಂಗತಿ. ನೆನಪು ಮಿದುಳಿನ ಒಂದು ಶಕ್ತಿ ಮಾತ್ರವಾಗಿದ್ದರೆ ಅದಕ್ಕೆ ಸದ್ಗುಣಗಳ ನಡುವೆ ಸ್ಥಾನವಿರುತ್ತಿರಲಿಲ್ಲ. ನೆನಪನ್ನು ನಾವು ಕಾಳಜಿಯಿಂದ, ಕ್ರಮದಿಂದ, ಅಭ್ಯಾಸದಿಂದ ಬೆಳೆಸಿಕೊಳ್ಳಬಲ್ಲೆವು. ಬೆಳೆಸಿಕೊಳ್ಳಬಲ್ಲದ್ದನ್ನು ಬೆಳೆಸದೆ ಬಿಟ್ಟರೆ ಅದಕ್ಕೆ ನಾವು ಉತ್ತರ ಹೇಳಬೇಕಾಗುತ್ತದೆ.

ಹಾಗೆ ನೋಡಿದರೆ ಮರೆವಿನಲ್ಲಿ ಮೂರು ಬಗೆಗಳಿವೆ. ಮೊದಲನೆಯದು ನಿಜವಾದ ಮರೆವು. ಮನೆಯಲ್ಲಿ ಮದುವೆ, ಇಲ್ಲವೇ ನೆರೆಮನೆಯಲ್ಲಿ ಸಾವು. ದಿನದ ಕ್ರಮ ತಪ್ಪಿತು, ಮಾತ್ರೆಯೂ ತಪ್ಪಿತು. ವಯಸ್ಸಾದವರಿಗೆ ನೆನಪಿನ ಶಕ್ತಿಯೇ ಕುಂದಿರಬಹುದು. ಇದರಲ್ಲಿ ಪಾಪವಿಲ್ಲ. ಇದಕ್ಕಾಗಿ ಯಾರೂ ಮನಸ್ಸನ್ನು ಕೊರಗಿಸಿಕೊಳ್ಳಬಾರದು. ಇತರರು ಅವರನ್ನು ಗದರಿಸಲೂಬಾರದು.

ಎರಡನೆಯದು ಅಲಕ್ಷ್ಯದ ಮರೆವು. ಮರೆಯುತ್ತೇನೆಂದು ಗೊತ್ತಿದ್ದರೂ ಮರೆಯದಿರಲು ಯಾವ ಏರ್ಪಾಡನ್ನೂ ಮಾಡಿಕೊಳ್ಳದಿರುವುದು. ಕಾಫಿ ಹೂವಿಗೆ ನೀರು ಹಾಯಿಸುವ ದಿನವನ್ನು ನಾವು ಮರೆಯುವುದಿಲ್ಲ. ಒಳ್ಳೆಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವ ಕಾಲವನ್ನು ಮರೆಯುವುದಿಲ್ಲ. ಸಹಕಾರ ಸಂಘದ ಸಾಲದ ಕಂತಿನ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುತ್ತೇವೆ. ಬೇಕೆಂದಾಗ ನೆನಪಿಡಲು ನಮಗೆ ಬರುತ್ತದೆ ಎಂಬುದಕ್ಕೆ ಇವೇ ಸಾಕ್ಷಿ. ಬಳ್ಳಿಗೆ ಕೊಟ್ಟ ಸ್ಥಾನವನ್ನು ಬಳ್ಳಿಯನ್ನು ನೋಡಿಕೊಳ್ಳುವವನ ದೇಹಕ್ಕೆ ಕೊಡದಿದ್ದರೆ ಅದನ್ನು ಬರಿಯ ಮರೆವು ಎನ್ನಲಾಗದು. ಪೂಜೆಯ ಆರಂಭದಲ್ಲಿ ನಾವು ಮಾಡಿದ ತಪ್ಪುಗಳ ಜೊತೆಗೆ ಮಾಡದೆ ಬಿಟ್ಟ ಕರ್ತವ್ಯಗಳಿಗಾಗಿಯೂ ಕ್ಷಮೆ ಬೇಡುತ್ತೇವೆ. ಆತ್ಮಶೋಧನೆಯ ಪಟ್ಟಿಯಲ್ಲಿ ಇದಕ್ಕೂ ಒಂದು ಸಾಲು ಇರಲಿ.

ಮೂರನೆಯದು ಮರೆವಿನ ವೇಷ ತೊಟ್ಟ ನಿರಾಕರಣೆ. ಇದನ್ನು ಗುರುತಿಸುವುದು ಕಷ್ಟ. "ಒಮ್ಮೆ ಶುರುಮಾಡಿದರೆ ಜೀವಮಾನವಿಡೀ ನುಂಗಬೇಕಲ್ಲ" ಎಂಬ ಬೇಸರ, "ನಾನೇನು ರೋಗಿಯೇ?" ಎಂಬ ಅಭಿಮಾನ, "ಈಗ ಚೆನ್ನಾಗಿದ್ದೇನೆ" ಎಂಬ ಭ್ರಮೆ. ಇವು ಯಾವುದನ್ನೂ ಬಾಯಿಬಿಟ್ಟು ಹೇಳಲಾಗದೆ 'ಮರೆತೆ' ಎನ್ನುತ್ತೇವೆ. ಚೆನ್ನಾಗಿರುವುದು ಮಾತ್ರೆಯಿಂದಲೇ ಎಂಬುದನ್ನು ಮಾತ್ರ ಮರೆಯುತ್ತೇವೆ. ಕೆಲವು ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಒತ್ತಡವು ಹಿಂದಿಗಿಂತ ಜೋರಾಗಿ ಮರಳಿ ಬರುವುದುಂಟು.

ಆದರೆ ಈ ಮೂರನೆಯ ಬಗೆಯ ಹಿಂದೆ ಕೆಲವೊಮ್ಮೆ ನ್ಯಾಯವಾದ ಕಾರಣವೂ ಇರುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳು ಮೂತ್ರವನ್ನು ಹೆಚ್ಚಿಸುತ್ತವೆ. ಕಾಫಿ ಕೊಯ್ಲಿನ ಕಾಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ಶೌಚಾಲಯವಿಲ್ಲದ ತೋಟದಲ್ಲಿ ದುಡಿಯುವ ಹೆಣ್ಣುಮಗಳು ಬೆಳಿಗ್ಗೆ ಆ ಮಾತ್ರೆಯನ್ನು ಬೇಕೆಂದೇ ಬಿಟ್ಟರೆ ಅವಳನ್ನು ದೂರುವವರು ಯಾರು? ಅವಳ 'ಮರೆವಿ'ನಲ್ಲಿ ತೋಟದ ಯಜಮಾನರಿಗೂ ಪಾಲಿದೆ. ಕಾಲು ಊದಿಕೊಳ್ಳುವುದು, ಒಣಕೆಮ್ಮು, ತಲೆಸುತ್ತು ಇಂಥ ಉಪದ್ರವಗಳಿಂದ ಮಾತ್ರೆ ಬಿಟ್ಟವರೂ ಇದ್ದಾರೆ. ಇವರೆಲ್ಲರೂ ಮಾಡಬೇಕಾದದ್ದು ಒಂದೇ: ವೈದ್ಯರ ಮುಂದೆ ನಿಜ ಹೇಳುವುದು. ಮಾತ್ರೆಯನ್ನು ಬದಲಿಸಬಹುದು, ಹೊತ್ತನ್ನು ಬದಲಿಸಬಹುದು. "ತಪ್ಪದೆ ತೆಗೆದುಕೊಳ್ಳುತ್ತಿದ್ದೇನೆ" ಎಂದು ಸುಳ್ಳು ಹೇಳಿದರೆ, ಔಷಧ ಸಾಲದೆಂದು ತಿಳಿದ ವೈದ್ಯರು ಅದರ ಪ್ರಮಾಣವನ್ನು ಹೆಚ್ಚಿಸಿಬಿಡುತ್ತಾರೆ. ಇಲ್ಲಿ ಸತ್ಯ ನುಡಿಯುವುದು ದೇಹರಕ್ಷಣೆಯ ಪ್ರಶ್ನೆಯೂ ಹೌದು.

ನಾಮಾನನ ಕೋಪ, ಮನ್ನದ ಪಾಠ

ಇಷ್ಟು ಸಣ್ಣ ಕೆಲಸ ನಮಗೇಕೆ ಇಷ್ಟು ಕಷ್ಟ? ಪವಿತ್ರ ಗ್ರಂಥದಲ್ಲಿ ಸಿರಿಯದ ಸೇನಾಪತಿ ನಾಮಾನನ ಕತೆಯನ್ನು ನೀವು ಕೇಳಿದ್ದೀರಿ. ಕುಷ್ಠ ಹಿಡಿದಿದ್ದ ಅವನು ರಥ, ಕುದುರೆ, ಬೆಳ್ಳಿ, ಬಂಗಾರಗಳೊಡನೆ ಪ್ರವಾದಿ ಎಲೀಷನ ಬಾಗಿಲಿಗೆ ಬಂದ. ಪ್ರವಾದಿ ಹೊರಗೂ ಬರಲಿಲ್ಲ. ಜೋರ್ಡನ್ ನದಿಯಲ್ಲಿ ಏಳು ಸಲ ಮುಳುಗಿ ಏಳುವಂತೆ ಹೇಳಿಕಳುಹಿಸಿದ, ಅಷ್ಟೇ. ನಾಮಾನನಿಗೆ ಕೋಪ ಬಂತು. ಆಗ ಅವನ ಸೇವಕರು ಆಡಿದ ಮಾತಿನ ಸಾರ ಇದು: ದೊಡ್ಡದೊಂದು ಸಾಹಸವನ್ನು ಮಾಡಲು ಹೇಳಿದ್ದರೆ ನೀವು ಮಾಡುತ್ತಿದ್ದಿರಲ್ಲವೇ? ಸುಲಭದ್ದನ್ನು ಹೇಳಿದಾಗ ಏಕೆ ಮಾಡಲೊಲ್ಲಿರಿ?

ನಾಮಾನನ ಸ್ವಭಾವ ನಮ್ಮೆಲ್ಲರಲ್ಲಿಯೂ ಇದೆ. ಶಸ್ತ್ರಚಿಕಿತ್ಸೆ ಬೇಕೆಂದರೆ ಚಿನ್ನ ಅಡವಿಟ್ಟು ಮಂಗಳೂರಿಗೋ ಮೈಸೂರಿಗೋ ಓಡುತ್ತೇವೆ. ಹರಕೆ ಹೊತ್ತು ದೂರದ ಪುಣ್ಯಕ್ಷೇತ್ರಕ್ಕೆ ನಡೆದುಹೋಗುತ್ತೇವೆ. ಆದರೆ ದಿನವೂ ಒಂದು ಮಾತ್ರೆ, ಊಟದಲ್ಲಿ ಸ್ವಲ್ಪ ಕಡಿಮೆ ಉಪ್ಪು, ಮಳೆಗಾಲದ ಒಣಮೀನು ಉಪ್ಪಿನಕಾಯಿಗಳಲ್ಲಿ ಒಂದಿಷ್ಟು ಮಿತಿ ಎಂದರೆ ಅದು ನಮ್ಮ ಗೌರವಕ್ಕೆ ತಕ್ಕ ಚಿಕಿತ್ಸೆಯೆಂದು ತೋರುವುದಿಲ್ಲ. ಕಕ್ಕಡದ ಮದ್ದಿಗೂ ಈ ಮಾತ್ರೆಗೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಅದು ವರ್ಷಕ್ಕೊಮ್ಮೆ, ಎಲ್ಲರೂ ಕೂಡಿ, ಸಿಹಿಯಾಗಿ. ಮರುದಿನ ಮೂತ್ರದ ಬಣ್ಣ ಕೆಂಪಾಗುವುದರಿಂದ ಮದ್ದು ಮೈಗೆ ಹತ್ತಿತೆಂಬ ತೃಪ್ತಿಯೂ ಉಂಟು. ಇದು ದಿನವೂ, ಒಬ್ಬರೇ, ರುಚಿಯಿಲ್ಲದೆ. ಫಲವೂ ಕಣ್ಣಿಗೆ ಕಾಣದು. ತಪ್ಪಿಹೋದ ಪಾರ್ಶ್ವವಾಯುವನ್ನು ಯಾರೂ ನೋಡಲಾರರು. ಕಾಣದ ಒಳಿತಿಗಾಗಿ ದಿನವೂ ಕೈಚಾಚುವುದಕ್ಕೆ ಒಂದು ಬಗೆಯ ವಿಶ್ವಾಸವೇ ಬೇಕು.

ಇಸ್ರಯೇಲರಿಗೆ ಅಡವಿಯಲ್ಲಿ ದೊರೆತ ಮನ್ನವನ್ನೂ ನೆನೆಯೋಣ. ಆಯಾ ದಿನದ ಪಾಲನ್ನು ಅಂದಂದೇ ಕೂಡಿಸಿಕೊಳ್ಳಬೇಕಾಗಿತ್ತು. ನಾಳೆಗೆಂದು ಎತ್ತಿಟ್ಟದ್ದು ಹುಳು ಹಿಡಿಯಿತು. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿಯೂ ನಾವು ಬೇಡುವುದು ಅಂದಂದಿನ ಆಹಾರವನ್ನೇ. ರಕ್ತದೊತ್ತಡದ ಮಾತ್ರೆಯೂ ಈ ಮನ್ನದಂತೆ. ನಿನ್ನೆ ಮರೆತದ್ದನ್ನು ಇಂದು ಎರಡು ನುಂಗಿ ಸರಿದೂಗಿಸಲಾಗದು. ಹಾಗೆ ಮಾಡುವುದು ಅಪಾಯವೂ ಹೌದು. ಅದೇ ದಿನ ನೆನಪಾದರೆ ಆಗ ತೆಗೆದುಕೊಳ್ಳಬಹುದು. ಮರುದಿನದ ಹೊತ್ತು ಹತ್ತಿರವಾಗಿದ್ದರೆ ತಪ್ಪಿದ್ದನ್ನು ಬಿಟ್ಟು ಆ ದಿನದ್ದನ್ನು ಮಾತ್ರ ತೆಗೆದುಕೊಳ್ಳಬೇಕು. ಪಶ್ಚಾತ್ತಾಪದ ನಿಯಮವೂ ಇದೇ ಅಲ್ಲವೇ? ನಿನ್ನೆಯ ಲೋಪವನ್ನು ಹೊತ್ತು ತಿರುಗಬೇಡ. ಇಂದಿನದನ್ನು ಇಂದು ಮಾಡು.

ದೇವರು ಕಾಯುವುದಿಲ್ಲವೇ?

"ನನ್ನನ್ನು ದೇವರು ನೋಡಿಕೊಳ್ಳುತ್ತಾನೆ, ಮಾತ್ರೆಯ ಹಂಗೇಕೆ?" ಎನ್ನುವ ಭಕ್ತರೂ ನಮ್ಮಲ್ಲಿದ್ದಾರೆ. ಅವರ ಭಕ್ತಿ ದೊಡ್ಡದು, ನಿಜ. ಆದರೆ ಸಿರಾಖನ ಗ್ರಂಥದ ಮೂವತ್ತೆಂಟನೆಯ ಅಧ್ಯಾಯವನ್ನು ಅವರು ಒಮ್ಮೆ ಓದಲಿ. ವೈದ್ಯನನ್ನು ಗೌರವಿಸಬೇಕೆಂದೂ, ಮದ್ದನ್ನು ನೆಲದಿಂದ ಹುಟ್ಟಿಸಿದವನು ದೇವರೇ ಎಂದೂ, ವಿವೇಕಿಯು ಅದನ್ನು ತಿರಸ್ಕರಿಸುವುದಿಲ್ಲವೆಂದೂ ಅಲ್ಲಿ ಹೇಳಿದೆ. ರೋಗಿಯು ಪ್ರಾರ್ಥಿಸಬೇಕು, ವೈದ್ಯನಿಗೂ ಸ್ಥಳ ಕೊಡಬೇಕು. ಎರಡೂ ಒಂದೇ ಅಧ್ಯಾಯದಲ್ಲಿ ಬರುತ್ತವೆ. ಸಂತ ಪೌಲರು ತಿಮೊಥೇಯನ ಹೊಟ್ಟೆನೋವಿಗೆ ಪ್ರಾರ್ಥನೆಯೊಂದನ್ನೇ ಸೂಚಿಸಲಿಲ್ಲ, ಸ್ವಲ್ಪ ದ್ರಾಕ್ಷಾರಸವನ್ನೂ ಸೂಚಿಸಿದರು. ಅವರ ಜೊತೆಗಾರ ಸಂತ ಲೂಕರು ವೈದ್ಯರು.

ಜೀವ ಮತ್ತು ಆರೋಗ್ಯ ದೇವರು ನಮಗೆ ಒಪ್ಪಿಸಿದ ಅಮೂಲ್ಯ ಕೊಡುಗೆಗಳು, ಅವನ್ನು ತಕ್ಕಮಟ್ಟಿಗೆ ಕಾಪಾಡಬೇಕು ಎಂಬುದು ಧರ್ಮಸಭೆಯ ಬೋಧನೆ. ದೇಹವನ್ನೇ ದೇವರಾಗಿಸಿ ಪೂಜಿಸುವುದನ್ನು ಅದೇ ಬೋಧನೆ ಖಂಡಿಸುತ್ತದೆ. ಪೋಪ್ ಹನ್ನೆರಡನೆಯ ಪಿಯುಸರು 1957ರ ನವೆಂಬರ್ 24ರಂದು ವೈದ್ಯರಿಗೆ ಕೊಟ್ಟ ಉಪದೇಶದಲ್ಲಿ, ಜೀವವನ್ನುಳಿಸಿಕೊಳ್ಳಲು ಸಾಧಾರಣ ಉಪಾಯಗಳನ್ನು ಬಳಸುವುದು ಕರ್ತವ್ಯ, ಅಸಾಧಾರಣವಾದ ಭಾರವನ್ನು ಹೊರುವುದು ಕಡ್ಡಾಯವಲ್ಲ ಎಂದು ವಿವರಿಸಿದರು. ಕೊನೆಗಾಲದಲ್ಲಿ ಯಂತ್ರಗಳ ನಡುವೆ ಉಸಿರನ್ನು ಎಳೆದುಕೊಂಡು ಹೋಗಬೇಕೇ ಎಂಬುದು ಕಠಿಣ ಪ್ರಶ್ನೆ. ಆದರೆ ಅಗ್ಗವಾದ, ಪರೀಕ್ಷಿತವಾದ, ಒಂದು ಗುಟುಕು ನೀರಿನೊಡನೆ ನುಂಗಬಹುದಾದ ಮಾತ್ರೆ ಸಾಧಾರಣ ಉಪಾಯವಲ್ಲವೆಂದು ಯಾರೂ ವಾದಿಸಲಾರರು.

ಇನ್ನೊಂದು ಮಾತು. "ನನ್ನ ಜೀವ, ನನ್ನಿಷ್ಟ" ಎನ್ನುವವರಿಗೆ ನಮ್ಮ ಊರಿನ ಭೂಗೋಳವೇ ಉತ್ತರ ಹೇಳುತ್ತದೆ. ಪಾರ್ಶ್ವವಾಯು ಬಡಿದಾಗ, ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಚುಚ್ಚುಮದ್ದನ್ನು ಕೊಡಲು ಇರುವ ಅವಧಿ ಹೆಚ್ಚೆಂದರೆ ನಾಲ್ಕೂವರೆ ಗಂಟೆ. ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ನಾಪೋಕ್ಲಿನಿಂದ ಮಡಿಕೇರಿಗೆ ಸುಮಾರು 20 ಕಿ.ಮೀ. ಬೆಟ್ಟದ ದಾರಿ, ಅಲ್ಲಿಂದ ಮೈಸೂರಿಗೆ ಇನ್ನೂ ಸುಮಾರು 120 ಕಿ.ಮೀ. ಕಾವೇರಿ ಉಕ್ಕಿದರೆ ಭಾಗಮಂಡಲದ ಕಡೆಯ ರಸ್ತೆಯೂ ಮೂರ್ನಾಡಿನ ಕಡೆಯ ರಸ್ತೆಯೂ ನೀರಿನಡಿ ಹೋಗುವುದುಂಟು. 2018 ಮತ್ತು 2019ರ ಆಗಸ್ಟ್ ತಿಂಗಳುಗಳನ್ನು ನಾವು ಕಂಡಿದ್ದೇವೆ. ಅಂಥ ರಾತ್ರಿಯಲ್ಲಿ ನಿಮ್ಮನ್ನು ಹೊತ್ತು ಓಡುವವರು ನಿಮ್ಮ ಮಕ್ಕಳು, ನೆರೆಯವರು, ಜೀಪಿನ ಚಾಲಕ. ಆಮೇಲೆ ವರ್ಷಗಟ್ಟಲೆ ಹಾಸಿಗೆಯ ಬಳಿ ನಿಲ್ಲುವವರು ಮನೆಯ ಹೆಂಗಸರು. ಮಾತ್ರೆ ಬಿಡುವವರು ಒಬ್ಬರು, ಅದರ ಬೆಲೆ ತೆರುವವರು ಹಲವರು.

ನೆನಪಿಸುವ ಪ್ರೀತಿ

ಹಾಗಾದರೆ ನೆನಪಿಡುವ ಹೊಣೆ ರೋಗಿಯೊಬ್ಬರದೇ? ಅಲ್ಲ. ಎಲೀಯನು ಸಾಯಲು ಬಯಸಿ ಅಡವಿಯ ಗಿಡದಡಿ ಮಲಗಿದಾಗ ದೇವದೂತನು ಅವನನ್ನು ಎರಡು ಸಲ ತಟ್ಟಿ ಎಬ್ಬಿಸಿ ಉಣ್ಣೆಂದ. ಒಮ್ಮೆ ಹೇಳಿದರೆ ಸಾಲದೆಂದು ದೇವದೂತನಿಗೂ ಗೊತ್ತಿತ್ತು. ಬೆಂಗಳೂರಿನಲ್ಲಿಯೋ ಕೊಲ್ಲಿ ದೇಶದಲ್ಲಿಯೋ ಇರುವ ಮಗಳು ರಾತ್ರಿ ಫೋನು ಮಾಡಿ "ಅಪ್ಪಾ, ಮಾತ್ರೆ ತೆಗೆದುಕೊಂಡಿರಾ?" ಎಂದು ಕೇಳಿದರೆ ಅದು ಅಧಿಕಾರದ ಮಾತಲ್ಲ, ದೂರದಿಂದ ತಲೆ ನೇವರಿಸುವ ಕೈ. ಅದಕ್ಕೆ ಸಿಡುಕಬೇಡಿ. ಮಕ್ಕಳೇ, ನೀವೂ ಪೊಲೀಸರಂತೆ ವಿಚಾರಿಸಬೇಡಿ. ತಾಯಂದಿರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಗಂಡನ ಮಾತ್ರೆ, ಮಗುವಿನ ಟಾನಿಕ್ಕು, ಅತ್ತೆಯ ಕಷಾಯ ಎಲ್ಲವನ್ನೂ ನೆನಪಿಟ್ಟು ಕೊಡುವವರು ತಮ್ಮ ಮಾತ್ರೆಯನ್ನು ತಾವೇ ಮರೆಯುತ್ತಾರೆ. ಮನೆಯ ನೆನಪಾಗಿರುವವರನ್ನು ನೆನೆಯುವವರೂ ಒಬ್ಬರು ಬೇಕು.

ಕೆಲವು ಸರಳ ಏರ್ಪಾಡುಗಳನ್ನು ಹೇಳುತ್ತೇನೆ. ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ರಕ್ತದೊತ್ತಡದ ಮಾತ್ರೆಯನ್ನು ಬೆಳಿಗ್ಗೆ ಸೇವಿಸಿದರೂ ಸಂಜೆ ಸೇವಿಸಿದರೂ ಹೃದಯಾಘಾತ, ಪಾರ್ಶ್ವವಾಯುಗಳ ಮಟ್ಟಿಗೆ ವ್ಯತ್ಯಾಸವಿಲ್ಲವೆಂದು ಕಂಡುಕೊಂಡಿತು. ಆದುದರಿಂದ ವೈದ್ಯರನ್ನು ಕೇಳಿ, ನಿಮಗೆ ಮರೆಯದ ಹೊತ್ತನ್ನು ಆರಿಸಿಕೊಳ್ಳಿ. ಮುಂಜಾನೆಯ ತ್ರಿಕಾಲ ಪ್ರಾರ್ಥನೆಯ ಗಂಟೆಯೋ, ಸಂಜೆಯ ಜಪಸರವೋ ನಿಮ್ಮ ಮನೆಯಲ್ಲಿ ತಪ್ಪದೆ ನಡೆಯುವುದಾದರೆ ಮಾತ್ರೆಯನ್ನು ಅದರೊಡನೆ ಕಟ್ಟಿಬಿಡಿ. ಜಪಸರ ಇಡುವ ಪೆಟ್ಟಿಗೆಯ ಪಕ್ಕದಲ್ಲಿ, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ ಅದಿರಲಿ. ತೆಗೆದುಕೊಂಡೆನೋ ಇಲ್ಲವೋ ಎಂಬ ಅನುಮಾನ ಬರುವವರು ವಾರದ ಏಳು ದಿನಗಳಿಗೆ ಏಳು ಗೂಡುಗಳಿರುವ ಡಬ್ಬಿಯನ್ನು ಕೊಂಡು, ಭಾನುವಾರದ ಪೂಜೆ ಮುಗಿಸಿ ಬಂದ ಮೇಲೆ ತುಂಬಿಡಲಿ. ಮಳೆಗಾಲಕ್ಕೆ ಮುನ್ನ, ಕೆಲವು ವಾರಗಳಿಗೆ ಸಾಕಾಗುವಷ್ಟು ಮಾತ್ರೆಯನ್ನು ವೈದ್ಯರ ಚೀಟಿಯೊಡನೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಮನೆ ಬಿಟ್ಟು ಹೊರಡಬೇಕಾಗಿ ಬಂದರೆ ಆಧಾರ್ ಕಾರ್ಡಿನ ಜೊತೆಗೆ ಅದೂ ಬರಲಿ. ತಪಸ್ಸುಕಾಲದಲ್ಲಿ ಉಪವಾಸ ಮಾಡುವವರು ಮಾತ್ರೆಯನ್ನು ಉಪವಾಸಕ್ಕೆ ಸೇರಿಸದಿರಿ. ನೀರು ಮತ್ತು ಔಷಧ ಪರಮಪ್ರಸಾದದ ಉಪವಾಸವನ್ನು ಮುರಿಯುವುದಿಲ್ಲ.

ಸರ್ಕಾರಿ ಆಸ್ಪತ್ರೆಗಳಲ್ಲಿ ರಕ್ತದೊತ್ತಡದ ತಪಾಸಣೆಯೂ ಮಾತ್ರೆಯೂ ಉಚಿತವಾಗಿ ದೊರೆಯುತ್ತವೆ. ಕರ್ನಾಟಕ ಸರ್ಕಾರವು 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿ ನಂತರ ವಿಸ್ತರಿಸಿದ 'ಗೃಹ ಆರೋಗ್ಯ' ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆಬಾಗಿಲಿಗೇ ಬಂದು ತಪಾಸಣೆ ಮಾಡುತ್ತಾರೆ. ಅವರು ಬಂದಾಗ "ನಮಗೇನೂ ಇಲ್ಲ" ಎಂದು ಕಳುಹಿಸಬೇಡಿ. ಧರ್ಮಕೇಂದ್ರಗಳೂ ತಮ್ಮ ಪಾಲನ್ನು ಸಲ್ಲಿಸಬಹುದು. ಫೆಬ್ರವರಿ 11ರ ವಿಶ್ವ ರೋಗಿಗಳ ದಿನದಂದು ರೋಗಿಗಳಿಗಾಗಿ ಪ್ರಾರ್ಥಿಸುವುದರ ಜೊತೆಗೆ, ತಿಂಗಳಿಗೊಂದು ಭಾನುವಾರ ಪೂಜೆಯ ನಂತರ ಕನ್ಯಾಸ್ತ್ರೀಯರೋ ನರ್ಸಿನ ಕೆಲಸದಲ್ಲಿರುವ ನಮ್ಮ ಹೆಣ್ಣುಮಕ್ಕಳೋ ದೇವಾಲಯದ ಜಗುಲಿಯಲ್ಲಿ ಒಂದು ಗಂಟೆ ಕುಳಿತು ರಕ್ತದೊತ್ತಡವನ್ನು ಅಳೆದರೆ ಎಷ್ಟು ಮನೆಗಳ ಕಣ್ಣೀರು ತಪ್ಪೀತು!

ಪ್ರಿಯ ಓದುಗರೇ, ಧರ್ಮೋಪದೇಶಕಾಂಡದಲ್ಲಿ ದೇವರು ತನ್ನ ಜನರನ್ನು ಮತ್ತೆ ಮತ್ತೆ ಕೇಳಿಕೊಳ್ಳುವುದು 'ಮರೆಯಬೇಡಿ' ಎಂದು. ಕಡೆಯ ರಾತ್ರಿಯ ಭೋಜನದಲ್ಲಿ ಪ್ರಭು ಶಿಷ್ಯರಿಗೆ ಒಪ್ಪಿಸಿದ್ದೂ ಒಂದು ಸ್ಮರಣೆಯನ್ನೇ. ಸ್ಮರಣೆಯೆಂಬುದು ನಮ್ಮ ಧರ್ಮದಲ್ಲಿ ಮನಸ್ಸಿನೊಳಗಿನ ಯೋಚನೆಯಾಗಿ ಉಳಿಯುವುದಿಲ್ಲ. ಕೈಗೆ ಎತ್ತಿಕೊಂಡು ಬಾಯಿಗೆ ಹಾಕಿಕೊಳ್ಳುವ ಕ್ರಿಯೆಯಾಗುತ್ತದೆ. ಪರಮಪ್ರಸಾದವನ್ನೂ ಮಾತ್ರೆಯನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ಒಂದು ಆತ್ಮವನ್ನು ಪೋಷಿಸಿದರೆ, ಆ ಆತ್ಮ ವಾಸಿಸುವ ಮನೆಯನ್ನು ಇನ್ನೊಂದು ಕಾಯುತ್ತದೆ. ಎರಡನ್ನೂ ಕೊಟ್ಟವನು ಒಬ್ಬನೇ.

ಈ ಪುಟವನ್ನು ಮಡಚಿಡುವ ಮುನ್ನ ಒಮ್ಮೆ ಎದ್ದು ಮಾತ್ರೆಯ ಹಾಳೆಯನ್ನು ನೋಡಿರಿ. ನಿಮ್ಮದನ್ನೂ, ನಿಮ್ಮ ಪಕ್ಕದಲ್ಲಿ ಕುಳಿತಿರುವವರದನ್ನೂ.